ಮೇಗುಟಿಯ ಬೆಟ್ಟ: ಶಾಸನ, ಕಟ್ಟಡ ಮತ್ತು ಭಗ್ನತೆಯ ಅರ್ಥ

ಕರ್ನಾಟಕದ ದೇವಾಲಯ ಚರಿತ್ರೆಯಲ್ಲಿ ಬೆಟ್ಟಕ್ಕೆ ವಿಶಿಷ್ಟವಾದ ಸ್ಥಾನವಿದೆ. ನದಿಯ ದಡ, ಕೆರೆಯ ಏರಿ, ಊರಿನ ನಡು ಇವು ದೇವಾಲಯಗಳ ಸಾಮಾನ್ಯ ನೆಲೆಗಳು. ಜನವಸತಿ, ನೀರು, ವ್ಯಾಪಾರ ಇವುಗಳ ಸಾಮೀಪ್ಯವೇ ಈ ನೆಲೆಗಳ ಆಯ್ಕೆಗೆ ಕಾರಣ. ಬೆಟ್ಟದ ನೆತ್ತಿಯ ಆಯ್ಕೆ ಇದಕ್ಕೆ ವಿರುದ್ಧವಾದುದು. ಅಲ್ಲಿಗೆ ಕಲ್ಲನ್ನೂ ನೀರನ್ನೂ ಹೊತ್ತೊಯ್ಯಬೇಕು. ನಿತ್ಯಪೂಜೆಗೆ ಅರ್ಚಕನು ಹತ್ತಿ ಇಳಿಯಬೇಕು. ಗಾಳಿ ಮಳೆಗಳ ಹೊಡೆತವನ್ನು ಕಟ್ಟಡವು ನೇರವಾಗಿ ಎದುರಿಸಬೇಕು. ಇಷ್ಟಾದರೂ ಶ್ರವಣಬೆಳಗೊಳದ ಚಿಕ್ಕಬೆಟ್ಟ, ಬಾದಾಮಿಯ ಮೇಲಿನ ಶಿವಾಲಯ, ಹಂಪೆಯ ಹೇಮಕೂಟ ಮೊದಲಾದೆಡೆ ಶತಮಾನಗಳ ಕಾಲ ಎತ್ತರದ ನೆಲೆಗಳು ಆಯ್ಕೆಗೊಂಡಿವೆ. ಈ ಸಾಲಿನಲ್ಲಿ ಕಾಲದ ದೃಷ್ಟಿಯಿಂದಲೂ ಚಾರಿತ್ರಿಕ ಮಹತ್ವದ ದೃಷ್ಟಿಯಿಂದಲೂ ಮೊದಲು ಹೆಸರಿಸಬೇಕಾದುದು ಬಾಗಲಕೋಟೆ ಜಿಲ್ಲೆಯ ಐಹೊಳೆಯ ಮೇಗುಟಿ ಜಿನಾಲಯ.

ಮೇಗುಟಿಯನ್ನು ಕುರಿತ ಬರವಣಿಗೆಗೆ ಕೊರತೆಯಿಲ್ಲ. ಆದರೆ ಅದರ ಬಹುಭಾಗ ಅಲ್ಲಿನ ಶಾಸನವನ್ನು ಕುರಿತದ್ದಾಗಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯ, ಹರ್ಷನ ಸೋಲು, ಕಾಳಿದಾಸನ ಕಾಲನಿರ್ಣಯ ಇವುಗಳಿಗೆ ಆಧಾರವನ್ನು ಹುಡುಕುವವರು ಶಾಸನವನ್ನು ಗೋಡೆಯಿಂದ ಬಿಡಿಸಿಕೊಂಡು ಓದಿದ್ದಾರೆ. ಗೋಡೆಯನ್ನು, ಗೋಡೆ ನಿಂತ ಬೆಟ್ಟವನ್ನು ಓದಿದವರು ವಿರಳ. ಶಾಸನವನ್ನು ಬೆಟ್ಟದ ಇತರ ಸಾಕ್ಷಿಗಳೊಡನೆ ಇಟ್ಟು ನೋಡಿದಾಗ ಮೇಗುಟಿಯ ‘ಭಗ್ನತೆ’ ಎಂಬುದು ಒಂದೇ ಬಗೆಯದಲ್ಲವೆಂಬುದು ತಿಳಿದುಬರುತ್ತದೆ. ಅಲ್ಲಿ ಪೂರ್ಣಗೊಳ್ಳದ ಭಾಗವಿದೆ, ಮುಂದೆ ಸೇರಿಸಿದ ಭಾಗವಿದೆ, ಬಿದ್ದುಹೋದ ಭಾಗವೂ ಇದೆ. ಇವು ಮೂರನ್ನೂ ‘ಹಾಳು’ ಎಂಬ ಒಂದೇ ಪದದಲ್ಲಿ ಅಡಗಿಸುವುದರಿಂದ ಕಟ್ಟಡದ ಚರಿತ್ರೆ ಮರೆಯಾಗುತ್ತದೆ. ಈ ಭೇದವನ್ನು ಸ್ಪಷ್ಟಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಬೆಟ್ಟದ ಸ್ವರೂಪ

ಮಲಪ್ರಭಾ ನದಿಯ ಕಣಿವೆಯಲ್ಲಿ ಐಹೊಳೆ, ಪಟ್ಟದಕಲ್ಲು, ಬಾದಾಮಿಗಳು ಒಂದೇ ಸರಣಿಯ ನೆಲೆಗಳು. ಮರಳುಗಲ್ಲಿನ ಬೆಟ್ಟಗಳು ಈ ಪ್ರದೇಶದ ಪ್ರಧಾನ ಲಕ್ಷಣ. ಪದರಪದರವಾಗಿ ಸೀಳುವ, ಉಳಿಗೆ ಸುಲಭವಾಗಿ ಒಗ್ಗುವ ಈ ಕಲ್ಲು ಗುಹೆಯನ್ನು ಕೊರೆಯುವುದಕ್ಕೂ ಕಟ್ಟಡವನ್ನು ಎತ್ತುವುದಕ್ಕೂ ಸಮಾನವಾಗಿ ಅನುಕೂಲಕರವಾಗಿತ್ತು. ಚಾಲುಕ್ಯ ರಾಜ್ಯದ ಸ್ಥಾಪನೆಯೂ ಬೆಟ್ಟದೊಡನೆ ಹೆಣೆದುಕೊಂಡಿದೆ. ಶಕ 465ರ, ಅಂದರೆ ಕ್ರಿ.ಶ. 543ರ ಬಾದಾಮಿಯ ಬಂಡೆಶಾಸನವು ಮೊದಲನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ಅಭೇದ್ಯವಾದ ಕೋಟೆಯನ್ನಾಗಿ ಮಾಡಿದುದನ್ನು ತಿಳಿಸುತ್ತದೆ. ಬೆಟ್ಟವನ್ನು ಹಿಡಿದವನು ನಾಡನ್ನು ಹಿಡಿದನೆಂಬ ಭಾವನೆ ಆ ಕಾಲದ ರಾಜಕಾರಣದಲ್ಲಿ ಸಹಜವಾಗಿತ್ತು.

ಐಹೊಳೆ ಊರಿನ ಬಳಿಯೇ ಎದ್ದುನಿಂತ ಮೇಗುಟಿ ಬೆಟ್ಟದ ನೆತ್ತಿ ಸಮತಟ್ಟಾಗಿದೆ. ಊರಿನಿಂದ ಮೆಟ್ಟಿಲುಗಳ ದಾರಿಯಲ್ಲಿ ಏರಿದರೆ, ನೆತ್ತಿಯನ್ನು ತಲುಪುವ ಮುನ್ನವೇ ಎರಡು ಅಂತಸ್ತಿನ ಬೌದ್ಧ ಚೈತ್ಯ ಎದುರಾಗುತ್ತದೆ. ಇದು ಭಾಗಶಃ ಬಂಡೆಯಲ್ಲಿ ಕೊರೆದುದು, ಭಾಗಶಃ ಕಟ್ಟಿದುದು. ಮೇಲ್ಛಾವಣಿಯಲ್ಲಿ ಬುದ್ಧನ ಉಬ್ಬುಶಿಲ್ಪವಿದೆ. ಇದೇ ಬೆಟ್ಟದ ಇಳಿಜಾರಿನಲ್ಲಿ ಜೈನ ಗುಹಾಲಯವಿದ್ದು, ಅಲ್ಲಿ ಪಾರ್ಶ್ವನಾಥ ಹಾಗೂ ಬಾಹುಬಲಿಯರ ಶಿಲ್ಪಗಳಿವೆ. ಬಳ್ಳಿ ಸುತ್ತಿದ ಬಾಹುಬಲಿಯ ಕಲ್ಪನೆಯು ಶ್ರವಣಬೆಳಗೊಳದ ಮಹಾಮೂರ್ತಿಗಿಂತ ಶತಮಾನಗಳ ಮೊದಲೇ ಕನ್ನಡ ನಾಡಿನಲ್ಲಿ ರೂಪುಗೊಂಡಿತ್ತೆಂಬುದಕ್ಕೆ ಈ ಗುಹೆ ಸಾಕ್ಷಿ. ನೆತ್ತಿಯ ಸುತ್ತ ಬುರುಜುಗಳುಳ್ಳ ಕೋಟೆಗೋಡೆ ಇದೆ. ಜಿನಾಲಯದ ಆಚೆಗೆ, ಬಯಲಿನಂತಹ ಬಂಡೆಯ ಮೇಲೆ, ಬೃಹತ್ ಶಿಲಾಯುಗದ ಕಲ್ಮನೆಗಳು ಹರಡಿಕೊಂಡಿವೆ.

ಈ ಕಲ್ಮನೆಗಳ ಇರವು ಮುಖ್ಯವಾದ ಒಂದು ಸಂಗತಿಯನ್ನು ಸೂಚಿಸುತ್ತದೆ. ರವಿಕೀರ್ತಿಯು ಜಿನಾಲಯವನ್ನು ಕಟ್ಟಿಸಿದಾಗ ಬೆಟ್ಟವು ಬರಿದಾದ ನೆಲವಾಗಿರಲಿಲ್ಲ. ಅದು ಆ ಮೊದಲೇ ಮೃತರ ಸ್ಮಾರಕಗಳಿಂದ ಗುರುತಿಸಿಕೊಂಡಿದ್ದ ಸ್ಥಳ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸುವ ಕಲ್ಮನೆಯ ರಚನೆಗೂ, ಕಂಬಗಳ ಮೇಲೆ ಚಪ್ಪಡಿಯನ್ನು ಹಾಸುವ ಆರಂಭಕಾಲದ ಗುಡಿಯ ರಚನೆಗೂ ನೇರವಾದ ವಂಶಸಂಬಂಧವನ್ನು ಸಾಧಿಸುವುದು ಕಷ್ಟ. ಎರಡರ ನಡುವಿನ ಕಾಲದ ಅಂತರ ದೊಡ್ಡದು. ಆದರೆ ಒಂದೇ ನೆತ್ತಿಯಲ್ಲಿ ಬೃಹತ್ ಶಿಲಾಯುಗದ ಸಮಾಧಿ, ಬೌದ್ಧ ಚೈತ್ಯ, ಜೈನ ಗುಹೆ, ಜಿನಾಲಯ, ಕೋಟೆ ಇವು ಒಟ್ಟಾಗಿರುವುದು ಆಕಸ್ಮಿಕವೆನ್ನಲಾಗದು. ಎತ್ತರದ ನೆಲೆಯ ಮೇಲಿನ ಹಕ್ಕನ್ನು ಪ್ರತಿಯೊಂದು ಸಮುದಾಯವೂ ತನ್ನದೇ ರೀತಿಯಲ್ಲಿ ಕಲ್ಲಿನಲ್ಲಿ ದಾಖಲಿಸಿದೆ.

ಹೆಸರಿನ ಸಂಗತಿಯೂ ಗಮನಾರ್ಹ. ‘ಮೇಗಣ ಗುಡಿ’, ಅಂದರೆ ಮೇಲಿನ ಗುಡಿ ಎಂಬುದೇ ಜನರ ಬಾಯಲ್ಲಿ ‘ಮೇಗುಡಿ’, ‘ಮೇಗುಟಿ’ ಆಗಿದೆ. ಐಹೊಳೆಯ ಇತರ ಗುಡಿಗಳ ಹೆಸರುಗಳಲ್ಲಿ ಅಲ್ಲಿ ಮುಂದೆ ನೆಲೆಸಿದವರ ನೆನಪು ಉಳಿದಿದೆ. ಲಾಡ್‌ಖಾನ್ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳು ಇಂಥವು. ದುರ್ಗಾ ಗುಡಿಯ ಹೆಸರೂ ದೇವತೆಯಿಂದ ಬಂದುದಲ್ಲ. ಅದರ ಬಳಿಯ ದುರ್ಗ, ಅಂದರೆ ಕೋಟೆಯಿಂದ ಬಂದುದು. ಮೇಗುಟಿಯ ಹೆಸರಿನಲ್ಲಿ ದೇವರಿಲ್ಲ, ದೊರೆಯಿಲ್ಲ, ಕಟ್ಟಿಸಿದವನಿಲ್ಲ, ಇರುವುದು ಎತ್ತರವೊಂದೇ. ಪುಲಕೇಶಿಯ ಕೀರ್ತಿಯನ್ನೂ ತನ್ನ ಕೀರ್ತಿಯನ್ನೂ ಶಾಶ್ವತಗೊಳಿಸಲು ರವಿಕೀರ್ತಿ ಕಲ್ಲನ್ನು ಆರಿಸಿಕೊಂಡ. ಆದರೆ ಊರಿನವರು ಕೊಟ್ಟ ಹೆಸರಿನಲ್ಲಿ ಉಳಿದುದು ಅವನು ಆರಿಸಿದ ಸ್ಥಳ ಮಾತ್ರ.

ಶಾಸನ ಮತ್ತು ಅದರ ಓದು

ಜಿನಾಲಯದ ಪೂರ್ವದ ಹೊರಗೋಡೆಯಲ್ಲಿ ಶಾಸನವಿದೆ. 19 ಸಾಲುಗಳ, 37 ಪದ್ಯಗಳ ಈ ಪ್ರಶಸ್ತಿಯ ಭಾಷೆ ಸಂಸ್ಕೃತ. ಲಿಪಿ ಬಾದಾಮಿ ಚಾಲುಕ್ಯರ ಕಾಲದ ಹಳಗನ್ನಡ ಲಿಪಿ. ಜೆ.ಎಫ್. ಫ್ಲೀಟ್ ಅವರು 1876ರಲ್ಲಿಯೂ ಮತ್ತೆ 1879ರಲ್ಲಿಯೂ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇದನ್ನು ಪ್ರಕಟಿಸಿದರು. ಎಫ್. ಕೀಲ್‌ಹಾರ್ನ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 6ನೆಯ ಸಂಪುಟದಲ್ಲಿ (1900-01) ಪರಿಷ್ಕೃತ ಪಾಠವನ್ನು ಕೊಟ್ಟರು. ಮುಂದಿನ ಎಲ್ಲ ಚರ್ಚೆಗಳಿಗೂ ಈ ಪಾಠವೇ ತಳಹದಿಯಾಯಿತು.

ಶಾಸನವು ಜಿನೇಂದ್ರಸ್ತುತಿಯಿಂದ ಆರಂಭವಾಗಿ ಚಾಲುಕ್ಯ ವಂಶದ ಅರಸರನ್ನು ಕ್ರಮವಾಗಿ ಹೊಗಳುತ್ತದೆ. ಮಂಗಳೇಶನು ಕಲಚುರಿಗಳನ್ನು ಗೆದ್ದುದು, ರೇವತೀದ್ವೀಪವನ್ನು ಹಿಡಿದುದು, ಕಡೆಗೆ ತನ್ನ ಮಗನಿಗೆ ರಾಜ್ಯವನ್ನು ದೊರಕಿಸಲು ಹೋಗಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡುದು ಇದರಲ್ಲಿ ಬಂದಿದೆ. ಅನಂತರ ಇಮ್ಮಡಿ ಪುಲಕೇಶಿಯ ವಿಜಯಗಳ ದೀರ್ಘವಾದ ಪಟ್ಟಿ ಬರುತ್ತದೆ. ಬನವಾಸಿ, ಗಂಗರು, ಆಳುಪರು, ಕೊಂಕಣದ ಮೌರ್ಯರು, ನೌಕೆಗಳಿಂದ ಮುತ್ತಿದ ಪುರಿ, ಲಾಟ-ಮಾಳವ-ಗುರ್ಜರರು, 99,000 ಗ್ರಾಮಗಳ ಮೂರು ಮಹಾರಾಷ್ಟ್ರಕಗಳು, ಕೋಸಲ, ಕಳಿಂಗ, ಪಿಷ್ಟಪುರ, ಕುನಾಲ, ಕಂಚಿಯ ಪಲ್ಲವರು ಈ ಪಟ್ಟಿಯಲ್ಲಿದ್ದಾರೆ. ಹರ್ಷನ ಸೋಲನ್ನು ಕವಿಯು ಅವನ ಹೆಸರಿನ ಮೇಲಿನ ಶ್ಲೇಷೆಯಿಂದ ಹೇಳುತ್ತಾನೆ; ಹರ್ಷನು ಹರ್ಷವನ್ನು ಕಳೆದುಕೊಂಡನೆಂಬುದು ಅದರ ತಾತ್ಪರ್ಯ. ಈ ಘಟನೆಯ ಕಾಲವನ್ನು ಕುರಿತು ಬಹುಕಾಲ ಭಿನ್ನಾಭಿಪ್ರಾಯಗಳಿದ್ದವು. 2010ರ ದಶಕದಲ್ಲಿ ಬೆಳಕಿಗೆ ಬಂದ ಬಿಜಾಪುರ-ಮುಂಬಯಿ ತಾಮ್ರಪಟವು ಕ್ರಿ.ಶ. 619ರಷ್ಟು ಹಿಂದೆಯೇ ಈ ವಿಜಯವನ್ನು ಉಲ್ಲೇಖಿಸುವುದರಿಂದ, ಯುದ್ಧವು ಅದಕ್ಕೂ ಮೊದಲೇ ನಡೆದಿರಬೇಕೆಂಬುದು ಈಗ ಸ್ಪಷ್ಟವಾಗಿದೆ. ಮೇಗುಟಿಯ ಶಾಸನಕ್ಕೆ ಆಗ ಇನ್ನೂ ಹದಿನೈದು ವರ್ಷಗಳು ಬಾಕಿಯಿದ್ದವು.

ಶಾಸನದ ಕಾಲವನ್ನು ಎರಡು ಗಣನೆಗಳಲ್ಲಿ ಹೇಳಿದೆ. ಭಾರತಯುದ್ಧದಿಂದ 3735 ವರ್ಷಗಳು ಕಳೆದಿವೆ. ಶಕರಾಜರ ಕಾಲದ 556 ವರ್ಷಗಳು ಕಳೆದಿವೆ. ಇದು ಕ್ರಿ.ಶ. 634-35ಕ್ಕೆ ಸರಿಹೊಂದುತ್ತದೆ. ಕ್ರಿ.ಪೂ. 3102ರಿಂದ ಆರಂಭವಾಗುವ ಕಲಿಯುಗದ ಎಣಿಕೆ ಇಲ್ಲಿ ಭಾರತಯುದ್ಧದ ಹೆಸರಿನಲ್ಲಿ ಬಂದಿದೆ. ಶಾಸನಗಳಲ್ಲಿ ಈ ಎಣಿಕೆ ದೊರೆಯುವ ಆರಂಭದ ಉದಾಹರಣೆಗಳಲ್ಲಿ ಇದೂ ಒಂದು. ರವಿಕೀರ್ತಿಯು ಕವಿತೆಯಲ್ಲಿ ಕಾಳಿದಾಸ ಭಾರವಿಯರ ಕೀರ್ತಿಯನ್ನು ತಾನು ಪಡೆದಿರುವುದಾಗಿ ಹೇಳಿಕೊಂಡಿರುವುದರಿಂದ, ಆ ಇಬ್ಬರು ಕವಿಗಳ ಕಾಲಕ್ಕೆ ಕೆಳಗಿನ ಮಿತಿ ಈ ಗೋಡೆಯಿಂದಲೇ ದೊರೆತಿದೆ.

ಒಂದು ಗೋಡೆಯ ಮೇಲೆ ಇಷ್ಟು ಭಾರ ಬಿದ್ದುದರ ಪರಿಣಾಮವೇನು? ಶಾಸನವು ಮೊದಲಿಗೆ ಕಾವ್ಯವೆಂಬುದನ್ನು ಮರೆಯುವ ಅಪಾಯ ಒದಗಿತು. ರವಿಕೀರ್ತಿಯ ದಿಗ್ವಿಜಯ ವರ್ಣನೆಯಲ್ಲಿ ಕಾಳಿದಾಸನ ರಘುವಂಶದ ಛಾಯೆಯಿರುವುದನ್ನು ಕೀಲ್‌ಹಾರ್ನ್ ಅವರೇ ತೋರಿಸಿದ್ದರು. ಹೀಗಿರುವಾಗ ಪದ್ಯಗಳ ಕ್ರಮವನ್ನು ಯುದ್ಧಗಳ ಕ್ರಮವೆಂದು ನೇರವಾಗಿ ಗ್ರಹಿಸಲಾಗದು. ದಿಕ್ಕುಗಳನ್ನು ಸುತ್ತುವರಿಯುವ ಕಾವ್ಯಸಂಪ್ರದಾಯವೂ ಈ ಕ್ರಮವನ್ನು ನಿರ್ಧರಿಸಿರಬಹುದು. ಎರಡನೆಯದಾಗಿ, ಶಾಸನವು ಹೇಳದಿರುವ ಸಂಗತಿಗಳು ಗಮನದಿಂದ ಜಾರಿದವು. ಕಟ್ಟಿಸಿದವನು ಅರಸನಲ್ಲ, ಅರಸನ ಕೃಪೆಗೆ ಪಾತ್ರನಾದ ಜೈನಕವಿ. ಕಲ್ಲನ್ನು ಕಡೆದವರ ಹೆಸರು ಪ್ರಶಸ್ತಿಯಲ್ಲಿಲ್ಲ. ಐಹೊಳೆಯದೇ ಇನ್ನೊಂದು ಶಾಸನ ನರಸೊಬ್ಬನೆಂಬ ಶಿಲ್ಪಿಯನ್ನು ಹೊಗಳುತ್ತದೆ. ಒಂದು ಶತಮಾನದ ಅನಂತರ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಅನಿವಾರಿತಾಚಾರಿ ಗುಂಡನ ಹೆಸರು ಗೌರವದಿಂದ ಉಕ್ತವಾಗಿದೆ. ಮೇಗುಟಿಯ ಶಿಲ್ಪಿಗಳನ್ನು ಅರಿಯಲು ಅವರು ಮಾಡಿದ ಕೆಲಸವೊಂದೇ ದಾರಿ.

ಕಟ್ಟಡದ ಸಾಕ್ಷ್ಯ

ಮೇಗುಟಿಯು ಎತ್ತರವಾದ ಅಧಿಷ್ಠಾನದ ಮೇಲೆ ನಿಂತಿರುವ, ಉತ್ತರಕ್ಕೆ ಮುಖಮಾಡಿದ ಕಟ್ಟಡ. ಗರ್ಭಗೃಹ, ಅದರ ಸುತ್ತಣ ಹಾದಿ, ಅದರ ಮುಂದಿನ ಅಂಕಣ, ಅದಕ್ಕೂ ಮುಂದೆ ಕಂಬಗಳ ಮಂಟಪ ಇವು ಇದರ ಅಂಗಗಳು. ಗರ್ಭಗೃಹದಲ್ಲಿ ಸವೆದ, ಭಗ್ನಗೊಂಡ ಜಿನಮೂರ್ತಿಯಿದೆ. ಇಲ್ಲಿ ದೊರೆತ ಅಂಬಿಕೆಯ ಸುಂದರ ಶಿಲ್ಪವನ್ನು ಐಹೊಳೆಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಗರ್ಭಗೃಹದ ಮೇಲೆ, ಮಾಳಿಗೆಯಲ್ಲಿ, ಇನ್ನೊಂದು ಚಿಕ್ಕ ಗುಡಿಯಿದ್ದು, ಅಲ್ಲಿಗೆ ಮೆಟ್ಟಿಲುಗಳಿವೆ. ಶಿಖರವಿಲ್ಲ.

ಐಹೊಳೆಯ ಲಾಡ್‌ಖಾನ್ ಮೊದಲಾದ ಗುಡಿಗಳಲ್ಲಿ ಭಾರಿ ಚಪ್ಪಡಿಗಳ ಬಳಕೆ ಕಂಡುಬರುತ್ತದೆ. ಮೇಗುಟಿಯಲ್ಲಿಯಾದರೋ ಒಪ್ಪವಾಗಿ ಕಡೆದ ಚಿಕ್ಕ ಕಲ್ಲುಗಳನ್ನು ಸಾಲುಸಾಲಾಗಿ ಇಟ್ಟು ಗೋಡೆಯನ್ನು ಎಬ್ಬಿಸಲಾಗಿದೆ. ಗೋಡೆಯನ್ನು ಅರ್ಧಸ್ತಂಭಗಳಿಂದ ವಿಭಾಗಿಸಿ ಕೋಷ್ಠಗಳನ್ನು ಮಾಡಿರುವ ಕ್ರಮ ದ್ರಾವಿಡ ಶೈಲಿಯ ಮುಂದಿನ ಬೆಳವಣಿಗೆಗೆ ಪೂರ್ವಸೂಚಕವಾಗಿದೆ. ಈ ಕಾರಣದಿಂದ ಮೇಗುಟಿಯು ದಕ್ಷಿಣ ಭಾರತದ ಕಟ್ಟಿದ ದೇವಾಲಯಗಳಲ್ಲಿ ಕಾಲನಿರ್ದೇಶವುಳ್ಳ ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ. ಕಾಲ ತಿಳಿಯದ ಇತರ ಗುಡಿಗಳನ್ನು ಇದರ ಹಿಂದೆ ಅಥವಾ ಮುಂದೆ ಇಡುವ ಪದ್ಧತಿ ಕಲಾಚರಿತ್ರೆಯಲ್ಲಿ ರೂಢವಾಯಿತು. 1874ರಲ್ಲಿ ಜೇಮ್ಸ್ ಬರ್ಗೆಸ್ ಅವರ ಬೆಳಗಾವಿ-ಕಲಾದಗಿ ಜಿಲ್ಲೆಗಳ ವರದಿಯೂ 1926ರಲ್ಲಿ ಹೆನ್ರಿ ಕಸಿನ್ಸ್ ಅವರ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥವೂ ಪ್ರಕಟವಾದ ಮೇಲೆ ಈ ಚರ್ಚೆ ಬೆಳೆಯುತ್ತ ಬಂದಿದೆ.

ಸೂಕ್ಷ್ಮವಾಗಿ ಪರಿಶೀಲಿಸಿದರೆ ಈ ಕಟ್ಟಡದಲ್ಲಿ ಮೂರು ಸ್ಥಿತಿಗಳು ಕಾಣುತ್ತವೆ. ಮೊದಲನೆಯದು ಅಪೂರ್ಣತೆ. ಹೊರಗೋಡೆಯ ಅನೇಕ ಕೋಷ್ಠಗಳು ಬರಿದಾಗಿವೆ. ಅಲಂಕರಣಕ್ಕಾಗಿ ಬಿಟ್ಟ ಭಾಗಗಳು ಕೆಲವೆಡೆ ಉಳಿಯ ಕೆಲಸವನ್ನು ಕಾಣದೆ ಉಳಿದಿವೆ. ಕಲ್ಲನ್ನು ಕಟ್ಟಿದ ಮೇಲೆ ಅಲ್ಲಿಯೇ ಕಡೆಯುವ ಪದ್ಧತಿ ಅಂದು ಇದ್ದುದರಿಂದ, ಕೆತ್ತನೆ ನಿಂತ ಜಾಗವನ್ನು ಇಂದಿಗೂ ಗುರುತಿಸಲು ಸಾಧ್ಯವಾಗಿದೆ. ಎರಡನೆಯದು ಸೇರ್ಪಡೆ. ಮುಂದಿನ ಮಂಟಪವು ಮೂಲ ಕಟ್ಟಡಕ್ಕೆ ಅನಂತರ ಜೋಡಿಸಿದುದೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಮೂರನೆಯದು ನಾಶ. ಮಾಳಿಗೆಯ ಗುಡಿ ಶಿಥಿಲಗೊಂಡಿರುವುದು, ಮೂರ್ತಿ ಸವೆದಿರುವುದು ಈ ವರ್ಗಕ್ಕೆ ಸೇರುತ್ತವೆ.

ಅಪೂರ್ಣತೆಯ ಪ್ರಶ್ನೆ

ಕೆಲಸ ನಿಂತುದೇಕೆ? ಈ ಪ್ರಶ್ನೆಗೆ ಥಟ್ಟನೆ ಹೊಳೆಯುವ ಉತ್ತರ ಯುದ್ಧ. ಶಾಸನ ಬರೆದ ಸುಮಾರು ಎಂಟು ವರ್ಷಗಳಲ್ಲಿ, ಕ್ರಿ.ಶ. 642ರ ವೇಳೆಗೆ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಬಾದಾಮಿಯ ಬಂಡೆಯ ಮೇಲೆ ಆತನ 13ನೆಯ ಆಳ್ವಿಕೆಯ ವರ್ಷದ ಶಾಸನವಿದೆ. ಕಂಚಿಯ ಪಲ್ಲವನು ಚಾಲುಕ್ಯಸೇನೆಯ ಧೂಳಿಗೆ ಹೆದರಿ ತನ್ನ ಕೋಟೆಯ ಗೋಡೆಯ ಮರೆಗೆ ಸರಿದನೆಂದು ರವಿಕೀರ್ತಿ ಬರೆದಿದ್ದನು. ಆ ಕಲ್ಲಿನ ಮೇಲಿನ ಉಳಿಯ ಗುರುತು ಹಳತಾಗುವ ಮೊದಲೇ ಇತಿಹಾಸದ ಚಕ್ರ ತಿರುಗಿತ್ತು. ಸುಮಾರು 641ರಲ್ಲಿ ಈ ರಾಜ್ಯವನ್ನು ಕಂಡ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನು ಪುಲಕೇಶಿಯನ್ನೂ ಅವನ ಪ್ರಜೆಗಳ ಶೌರ್ಯವನ್ನೂ ಮೆಚ್ಚಿ ಬರೆದಿದ್ದಾನೆ. ಒಂದನೆಯ ವಿಕ್ರಮಾದಿತ್ಯನು ಸುಮಾರು 655ರಲ್ಲಿ ರಾಜ್ಯವನ್ನು ಮರಳಿ ಪಡೆಯುವವರೆಗೆ ಚಾಲುಕ್ಯರ ಸ್ಥಿತಿ ಅತಂತ್ರವಾಗಿತ್ತು.

ಈ ಘಟನಾವಳಿಯನ್ನೂ ಬರಿದಾದ ಕೋಷ್ಠಗಳನ್ನೂ ಜೋಡಿಸುವುದು ಆಕರ್ಷಕ. ಆದರೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ಕೆತ್ತನೆ ಮುಗಿಯದ ಗುಡಿಗಳು ಶಾಂತಿಕಾಲದಲ್ಲಿಯೂ ಕಂಡುಬರುತ್ತವೆ. ಪ್ರತಿಷ್ಠೆಗೆ ಗರ್ಭಗೃಹ ಸಿದ್ಧವಾದರೆ ಸಾಕು; ಅಲಂಕಾರವು ದಾನಿಯ ಹಣ, ಆಯುಷ್ಯ, ಆಸಕ್ತಿಗಳನ್ನು ಅವಲಂಬಿಸಿತ್ತು. ಇಲ್ಲಿ ದಾನಿಯು ರಾಜಭಂಡಾರವನ್ನು ಹೊಂದಿದ ಅರಸನಲ್ಲ, ಒಬ್ಬ ಕವಿ ಎಂಬುದನ್ನು ಮರೆಯಲಾಗದು. ಎರಡನೆಯದು ಇನ್ನೂ ಬಲವಾದುದು. ಶಾಸನದ ಕೊನೆಯಲ್ಲಿ, ಪ್ರಶಸ್ತಿ ಮುಗಿದ ಮೇಲೆ, ಗುಡಿಗೆ ಸೇರಿದ ಗ್ರಾಮಗಳನ್ನು ಹೆಸರಿಸುವ ಭಾಗವಿದ್ದು, ಅದು ಅನಂತರ ಸೇರಿಸಿದುದೆಂದು ಸಂಪಾದಕರು ಗುರುತಿಸಿದ್ದಾರೆ. ಗುಡಿಗೆ ಆದಾಯವಿತ್ತು, ಆ ಆದಾಯವನ್ನು ಗೋಡೆಯ ಮೇಲೆ ಬರೆದಿಡುವ ಅಗತ್ಯ ಯಾರಿಗೋ ಇತ್ತು. ಮುಂದಿನ ಮಂಟಪದ ಜೋಡಣೆಯೂ ಇದನ್ನೇ ಹೇಳುತ್ತದೆ. ಬಿಟ್ಟುಹೋದ ಗುಡಿಗೆ ಯಾರೂ ಮಂಟಪವನ್ನು ಕಟ್ಟಿಸುವುದಿಲ್ಲ.

ಹಾಗಾಗಿ ಮೇಗುಟಿಯು ವಾತಾಪಿಯ ಪತನದೊಡನೆ ಹಾಳಾಯಿತೆಂಬ ಕಥನಕ್ಕೆ ಕಟ್ಟಡದ ಬೆಂಬಲವಿಲ್ಲ. ಕೆತ್ತನೆ ಪೂರ್ಣಗೊಳ್ಳದಿದ್ದರೂ ಪೂಜೆ ನಡೆದ, ಬಳಕೆಗೆ ತಕ್ಕಂತೆ ಬೆಳೆದ ಜಿನಾಲಯವಿದು. ಅದು ‘ಹಾಳು’ ಆದುದು ಬಹುಕಾಲದ ಅನಂತರ. ಬೆಟ್ಟವನ್ನು ಕೋಟೆಯಾಗಿ ಬಳಸಿದ ಕಾಲ, ಕೆಳಗಿನ ಊರಿನಲ್ಲಿ ಜೈನಸಮುದಾಯದ ಬಲ ಕುಗ್ಗಿದ ಕಾಲ ಇವುಗಳೊಡನೆ ಆ ಬದಲಾವಣೆಯನ್ನು ಹೊಂದಿಸಿ ನೋಡಬೇಕೇ ಹೊರತು ಒಂದು ಯುದ್ಧದೊಡನೆ ಅಲ್ಲ.

ದೂರದ ಒಂದು ಹೋಲಿಕೆ

ಬೆಟ್ಟದ ನೆತ್ತಿಯ ಮೇಲೆ ಗೆಲವಿನ ಪಟ್ಟಿಯನ್ನು ಕಲ್ಲಿನಲ್ಲಿ ನಿಲ್ಲಿಸುವ ರೂಢಿ ಭಾರತಕ್ಕೆ ಸೀಮಿತವಲ್ಲ. ಮೆಕ್ಸಿಕೊ ದೇಶದ ವಹಾಕ ಕಣಿವೆಯ ಮಧ್ಯದಲ್ಲಿ, ಸುಮಾರು 400 ಮೀಟರ್ ಎತ್ತರದ ಬೆಟ್ಟದ ಮೇಲೆ, ಮೋಂತೆ ಆಲ್ಬಾನ್ ಎಂಬ ಪ್ರಾಚೀನ ನಗರದ ಅವಶೇಷಗಳಿವೆ. ಕ್ರಿ.ಪೂ. 500ರ ಸುಮಾರಿಗೆ ಜಪೋಟೆಕ್ ಜನರು ನೆಲೆಗೊಳಿಸಿದ ಈ ನಗರದಲ್ಲಿ ಬೆಟ್ಟದ ನೆತ್ತಿಯನ್ನೇ ತಟ್ಟುಮಾಡಿ ವಿಶಾಲವಾದ ಅಂಗಳವನ್ನು ರಚಿಸಿ, ಸುತ್ತಲೂ ಮೆಟ್ಟಿಲು ಜಗಲಿಗಳ ಮೇಲೆ ದೇವಾಲಯಗಳನ್ನು ಕಟ್ಟಲಾಗಿದೆ. ಅಂಗಳದ ನಡುವೆ, ಇತರ ಕಟ್ಟಡಗಳಿಗೆ ಓರೆಯಾಗಿ ನಿಂತ, ಬಾಣದ ಮೊನೆಯ ಆಕಾರದ ಒಂದು ಕಟ್ಟಡವಿದೆ. ವಿದ್ವಾಂಸರು ಇದನ್ನು ‘ಜೆ ಕಟ್ಟಡ’ವೆಂದು ಕರೆಯುತ್ತಾರೆ. ಇದರ ಗೋಡೆಗಳಲ್ಲಿ 40ಕ್ಕೂ ಹೆಚ್ಚು ಕೆತ್ತಿದ ಚಪ್ಪಡಿಗಳಿವೆ. 1931ರಿಂದ ಇಲ್ಲಿ ಉತ್ಖನನ ನಡೆಸಿದ ಅಲ್ಫೊನ್ಸೊ ಕಾಸೊ ಅವರು ಈ ಚಿತ್ರಲಿಪಿಗಳನ್ನು ಗೆದ್ದ ಊರುಗಳ ಹೆಸರುಗಳೆಂದು ವ್ಯಾಖ್ಯಾನಿಸಿದರು. ಮುಂದಿನ ವಿದ್ವಾಂಸರಲ್ಲಿ ಕೆಲವರು ಇದನ್ನು ಒಪ್ಪಿದ್ದಾರೆ, ಕೆಲವರು ಪ್ರಶ್ನಿಸಿದ್ದಾರೆ.

ಈ ಎರಡು ಬೆಟ್ಟಗಳ ನಡುವೆ ಯಾವ ಚಾರಿತ್ರಿಕ ಸಂಬಂಧವೂ ಇಲ್ಲ; ಅಂತಹ ಸಂಬಂಧವನ್ನು ಕಲ್ಪಿಸುವುದು ತಪ್ಪಾದೀತು. ಹೋಲಿಕೆಯ ಪ್ರಯೋಜನವಿರುವುದು ಅಧ್ಯಯನದ ಕ್ರಮದಲ್ಲಿ. ಮಧ್ಯ ಅಮೆರಿಕದಲ್ಲಿ ಲಿಪಿಗಳನ್ನು ಓದಲು ಬಹುಕಾಲ ಸಾಧ್ಯವಾಗಲಿಲ್ಲ. ಪುಲಕೇಶಿಯ ಸಮಕಾಲೀನನಾದ ಮಾಯಾ ಅರಸ ಪಕಾಲನ (ಆಳ್ವಿಕೆ ಕ್ರಿ.ಶ. 615-683) ಸಮಾಧಿಯನ್ನು ಪಲೆಂಕೆಯ ‘ಶಾಸನಗಳ ದೇವಾಲಯ’ದ ಅಡಿಯಲ್ಲಿ ಆಲ್ಬೆರ್ತೊ ರೂಸ್ ಅವರು 1952ರಲ್ಲಿ ಕಂಡುಹಿಡಿದಾಗ, ಮೇಲಿನ ಗೋಡೆಯ 617 ಚಿತ್ರಲಿಪಿಗಳ ದೀರ್ಘ ಶಾಸನದಿಂದ ತಿಥಿಗಳ ಹೊರತು ಹೆಚ್ಚೇನೂ ಅರ್ಥವಾಗಿರಲಿಲ್ಲ. ಅರಸರ ಹೆಸರು ಮತ್ತು ವಂಶಕ್ರಮ ಸ್ಪಷ್ಟವಾದುದು 1970ರ ದಶಕದಲ್ಲಿ. ಆದಕಾರಣ ಅಲ್ಲಿನ ಪುರಾತತ್ತ್ವಜ್ಞರು ಬರಹದ ನೆರವಿಲ್ಲದೆ ಬೆಟ್ಟ, ಜಗಲಿ, ಮೆಟ್ಟಿಲು, ಮಡಕೆಯ ಚೂರುಗಳನ್ನು ಓದುವ ಕೌಶಲವನ್ನು ಬೆಳೆಸಿಕೊಳ್ಳಬೇಕಾಯಿತು. ಮೇಗುಟಿಯಲ್ಲಿ ನಡೆದುದು ಇದರ ವಿಲೋಮ. ಶಾಸನವು 1870ರ ದಶಕದಲ್ಲಿಯೇ ಓದಲ್ಪಟ್ಟಿತು. ಓದಿದುದರಿಂದಲೇ ಸ್ಥಳದ ಚರಿತ್ರೆ ಮುಗಿಯಿತೆಂಬ ಭಾವನೆ ಮೂಡಿತು. ಅಲ್ಲಿ ಮೌನವು ಅಧ್ಯಯನವನ್ನು ಬೆಟ್ಟದತ್ತ ತಿರುಗಿಸಿತು. ಇಲ್ಲಿ ಮಾತು ಬೆಟ್ಟವನ್ನು ಮರೆಮಾಡಿತು.

ಭೀಮೆಯ ಉತ್ತರದ ನಾಡು

ಮೇಗುಟಿಯ ಶಾಸನವು ಮಲಪ್ರಭೆಯ ಕಣಿವೆಗೆ ಮಾತ್ರ ಸಂಬಂಧಿಸಿದುದಲ್ಲ. ಪುಲಕೇಶಿಯು ಪಟ್ಟವೇರಿದ ಕಾಲದ ಗೊಂದಲದಲ್ಲಿ ಅಪ್ಪಾಯಿಕ ಮತ್ತು ಗೋವಿಂದರೆಂಬವರು ಭೀಮರಥಿಯ ಉತ್ತರದ ನಾಡನ್ನು ಗೆಲ್ಲಲು ಬಂದರೆಂದು ರವಿಕೀರ್ತಿ ಹೇಳಿದ್ದಾನೆ. ಭೀಮರಥಿ ಎಂದರೆ ಇಂದಿನ ಭೀಮಾ ನದಿ. ಇಂದಿನ ಬೀದರ ಜಿಲ್ಲೆ ಇರುವುದು ಈ ನದಿಯ ಉತ್ತರಕ್ಕೇ. ಬೀದರ, ಭಾಲ್ಕಿ, ಔರಾದ, ಹಲಬರ್ಗಾಗಳ ಪರಿಸರದಲ್ಲಿ ನೆಲದ ಗುಣವೇ ಬೇರೆ. ಇಲ್ಲಿ ಮರಳುಗಲ್ಲಿನ ಕಡಿದಾದ ಬೆಟ್ಟಗಳಿಲ್ಲ. ಜಂಬಿಟ್ಟಿಗೆಯ ಪ್ರಸ್ಥಭೂಮಿ, ಕಪ್ಪು ಬಸಾಲ್ಟ್ ಶಿಲೆ, ಮಾಂಜ್ರಾ ಮತ್ತು ಕಾರಂಜಾ ನದಿಗಳ ಬಯಲು ಇಲ್ಲಿನ ಲಕ್ಷಣ. ಎತ್ತರವು ಇಲ್ಲಿ ನೆತ್ತಿಯಾಗಿ ಅಲ್ಲ, ಪ್ರಸ್ಥಭೂಮಿಯ ಅಂಚಾಗಿ ಕಾಣಿಸಿಕೊಳ್ಳುತ್ತದೆ. ಬೀದರದ ಕೋಟೆ ನಿಂತಿರುವುದೂ ಅಂತಹ ಅಂಚಿನ ಮೇಲೆಯೇ.

ಈ ನಾಡಿನಲ್ಲಿ ಚಾಲುಕ್ಯರ ನೆನಪು ಎರಡನೆಯ ಬಾರಿ ಜೀವ ಪಡೆಯಿತು. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ಹಿಂದಿಕ್ಕಿ ಚಾಲುಕ್ಯ ರಾಜ್ಯವನ್ನು ಮರಳಿ ಸ್ಥಾಪಿಸಿದನು. 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲಕ್ಕೆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ರಾಜಧಾನಿಯಾಯಿತು. ಐದನೆಯ ವಿಕ್ರಮಾದಿತ್ಯನ ಕೌಠೇಂ ತಾಮ್ರಪಟವು ತನ್ನ ವಂಶವನ್ನು ಬಾದಾಮಿಯ ಅರಸರಿಗೆ ಜೋಡಿಸುತ್ತದೆ; ಅದಕ್ಕೂ ಹಿಂದೆ ಅಯೋಧ್ಯೆಯಲ್ಲಿ ಆಳಿದ 59 ಅರಸರನ್ನೂ ಎಣಿಸುತ್ತದೆ. ಕಾಲನಿರ್ದೇಶವುಳ್ಳ ಮೇಗುಟಿಯ ವಂಶಾವಳಿಯಲ್ಲಿ ಈ ಅಯೋಧ್ಯೆಯ ಪ್ರಸ್ತಾಪವಿಲ್ಲ. ನಾಲ್ಕು ಶತಮಾನಗಳಲ್ಲಿ ವಂಶದ ನೆನಪು ಹೇಗೆ ಹಿಂದಕ್ಕೆ ಬೆಳೆಯಿತೆಂಬುದನ್ನು ಅಳೆಯಲು ರವಿಕೀರ್ತಿಯ ಗೋಡೆ ಒಂದು ಅಳತೆಗೋಲು. ಐಹೊಳೆಯ ಹೆಸರೂ ಇದೇ ಕಾಲದಲ್ಲಿ ‘ಅಯ್ಯಾವೊಳೆ ಐನೂರ್ವರು’ ಎಂಬ ವಣಿಕರ ಸಂಘದ ಮೂಲಕ ದಕ್ಷಿಣ ಭಾರತದಾದ್ಯಂತ ಹರಡಿತು.

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಈ ಪರಂಪರೆಯ ಒಂದು ಸೊಗಸಾದ ಪರಿಣತಿ ಕಾಣುತ್ತದೆ. ಆರನೆಯ ವಿಕ್ರಮಾದಿತ್ಯನ (1076-1126) ಕಾಲದ ಈ ಗುಡಿಯ ಹೊರಗೋಡೆಯಲ್ಲಿ ಶಾಸನವನ್ನು ಬರೆಯುತ್ತಿರುವ ಸುಂದರಿಯ ಶಿಲ್ಪವಿದೆ. ಆಕೆಯ ಮುಂದಿನ ಫಲಕದಲ್ಲಿ ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯವನ್ನು ಕನ್ನಡ ಲಿಪಿಯಲ್ಲಿ ಕೆತ್ತಲಾಗಿದೆ. ಮೇಗುಟಿಯಲ್ಲಿ ಗೋಡೆಯ ಮೇಲಿನ ಬರಹಕ್ಕೂ ಗೋಡೆಯ ಶಿಲ್ಪಕ್ಕೂ ನಡುವೆ ಅಂತರವಿತ್ತು. ಬರಹ ಪೂರ್ಣವಾಯಿತು, ಕೋಷ್ಠಗಳು ಬರಿದಾಗಿ ಉಳಿದವು. ಜಲಸಂಗಿಯಲ್ಲಿ ಬರೆಯುವ ಕ್ರಿಯೆಯೇ ಶಿಲ್ಪವಾಯಿತು. ಎತ್ತರದ ನೆಲೆಯಿಲ್ಲದ ಬಯಲಿನಲ್ಲಿ, ಗೋಡೆಯ ಮೇಲಿನ ಒಂದು ಆಕೃತಿ ಪ್ರಶಸ್ತಿಯನ್ನು ಕಣ್ಣಿಗೆ ಬೀಳುವಂತೆ ಮಾಡಿದೆ.

ಸಮಾರೋಪ

ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು; ಮೋಂತೆ ಆಲ್ಬಾನ್ ಮತ್ತು ಪಲೆಂಕೆಗಳು ಸೇರಿದುದೂ ಅದೇ ವರ್ಷ. ಐಹೊಳೆ-ಬಾದಾಮಿ-ಪಟ್ಟದಕಲ್ಲುಗಳನ್ನು ದೇವಾಲಯ ವಾಸ್ತುವಿನ ವಿಕಾಸದ ನೆಲೆಗಳೆಂದು 2015ರಲ್ಲಿ ಭಾರತದ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿಸಲಾಯಿತು. ‘ವಿಕಾಸ’ ಎಂಬ ಪದವು ಮೇಗುಟಿಗೆ ಒಂದು ಸ್ಥಾನವನ್ನು ಕೊಡುವಂತೆಯೇ ಒಂದು ಮಿತಿಯನ್ನೂ ಹಾಕುತ್ತದೆ. ವಿಕಾಸದ ಸರಣಿಯಲ್ಲಿ ಅದು ಒಂದು ತಿಥಿಯಾಗಿ ಮಾತ್ರ ಉಳಿಯುವ ಸಂಭವವಿದೆ.

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಮೇಗುಟಿಯ ಶಾಸನವು ಕಟ್ಟಡದ ಒಂದು ಹಂತದ ದಾಖಲೆ. ಇಡೀ ಕಟ್ಟಡದ ಕಾಲವನ್ನು ಅದರಿಂದ ನಿರ್ಧರಿಸಲಾಗದು. ಎರಡನೆಯದಾಗಿ, ಅಪೂರ್ಣತೆ, ಸೇರ್ಪಡೆ, ನಾಶ ಇವುಗಳನ್ನು ಪ್ರತ್ಯೇಕವಾಗಿ ಗುರುತಿಸಿದಾಗ 642ರ ಪತನದೊಡನೆ ಗುಡಿಯ ಬಾಳು ಮುಗಿಯಿತೆಂಬ ಊಹೆ ನಿಲ್ಲುವುದಿಲ್ಲ. ಮೂರನೆಯದಾಗಿ, ಕಲ್ಮನೆ, ಚೈತ್ಯ, ಗುಹೆ, ಕೋಟೆಗಳನ್ನು ಒಳಗೊಂಡ ಬೆಟ್ಟವೇ ಅಧ್ಯಯನದ ಘಟಕವಾಗಬೇಕು. ದುರಸ್ತಿ ಸಂರಕ್ಷಣೆಗಳ ದೃಷ್ಟಿಯಿಂದಲೂ ಇದು ಅಗತ್ಯ. ಅಪೂರ್ಣವಾಗಿ ಉಳಿದುದನ್ನು ಬಿದ್ದುದೆಂದು ತಿಳಿದು ಪೂರ್ಣಗೊಳಿಸಹೊರಟರೆ, ಅಥವಾ ಅನಂತರದ ಮಂಟಪವನ್ನು ಅಶುದ್ಧವೆಂದು ಕಡೆಗಣಿಸಿದರೆ, ಆ ಗುಡಿಯನ್ನು ಶತಮಾನಗಳ ಕಾಲ ಬಳಸಿದವರ ಸಾಕ್ಷ್ಯ ಅಳಿಸಿಹೋಗುತ್ತದೆ. ರವಿಕೀರ್ತಿಯು ತನ್ನ ಹೆಸರನ್ನು ತಾನೇ ಬರೆದುಕೊಂಡನು. ಮಂಟಪವನ್ನು ಜೋಡಿಸಿದವರು, ಬೆಟ್ಟ ಹತ್ತಿ ಪೂಜೆಯನ್ನು ನಡೆಸಿದವರು, ಕಲ್ಮನೆಯ ಚಪ್ಪಡಿಗಳನ್ನು ನಿಲ್ಲಿಸಿದವರು ಹಾಗೆ ಬರೆದುಕೊಳ್ಳಲಿಲ್ಲ. ಅವರ ಚರಿತ್ರೆಗೆ ಆ ಕಲ್ಲುಗಳ ಹೊರತು ಬೇರೆ ದಾಖಲೆಯಿಲ್ಲ.